ಬೀಗರ ಪುಟ

ಅವರ ಬಲಗಿವಿಯ ಹಿಂದೆ ಒಂದು ಬಿದಿರಿನ ಲೆಕ್ಕಣಿಕೆ, ಎಡಗಿವಿಯ ಹಿಂದೆ ಇನ್ನೊಂದು. ತಲೆಯ ಮೇಲಿನ ಸೆರಗನ್ನು ಎಷ್ಟು ಎಳೆದುಕೊಂಡರೂ ಎರಡೂ ಕಡೆ ತುದಿಗಳು ಇಣುಕುತ್ತಲೇ ಇರುತ್ತಿದ್ದವು. ಬಲಗಡೆಯದರ ಮೊನೆಯನ್ನು ಓರೆಯಾಗಿ ಕತ್ತರಿಸಿರುತ್ತಿದ್ದರು, ಅದು ಉರ್ದುವಿಗೆ. ಎಡಗಡೆಯದನ್ನು ಸಣ್ಣಗೆ ಹೆರೆದಿರುತ್ತಿದ್ದರು, ಅದು ಕನ್ನಡಕ್ಕೆ. ಅವಸರದಲ್ಲಿ ಒಮ್ಮೊಮ್ಮೆ ಕೈ ತಪ್ಪಿದ ಕಿವಿಗೆ ಹೋಗಿಬಿಡುತ್ತಿತ್ತು. ಉರ್ದು ಅಕ್ಷರ ಸಪೂರವಾಗಿ ಬಿದ್ದ ಕೂಡಲೇ "ಹಾಯ್ ಅಲ್ಲಾ, ಕಿವಿ ತಪ್ಪೀನಿ!" ಎಂದು ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ನಾವು ಹನ್ನೊಂದು ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ನಾವು ಅವರನ್ನು ಕರೆಯುತ್ತಿದ್ದದ್ದು ಉಸ್ತಾನಿ ಅಮ್ಮ ಎಂದು. ಪಾಠ ಹೇಳುವ ಹೆಂಗಸಿಗೆ ಉರ್ದುವಿನಲ್ಲಿ ಉಸ್ತಾನಿ ಎನ್ನುತ್ತಾರೆ. ಅಮ್ಮ ಎಂಬುದನ್ನು ನಾವು ನಮ್ಮ ಕಡೆಯಿಂದ ಸೇರಿಸಿದ್ದೆವು. ಅವರ ತವರು ಮುದಗಲ್. ಗಂಡ ನಮ್ಮ ಲಿಂಗಸುಗೂರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ತೀರಿಕೊಂಡು ಬಹಳ ದಿನವಾಗಿತ್ತು. ಮಕ್ಕಳಿರಲಿಲ್ಲ. ಅವರ ಮನೆಯ ಮುಂದಿನ ಪಡಸಾಲೆಯೇ ನಮ್ಮ ಶಾಲೆ. ಕನ್ನಡ ಮಾತಾಡಲು ಬಾಯಿ ತೆರೆದರೆ ಅಪ್ಪಟ ಮುದಗಲ್ಲಿನ ಮಾತು. ನಮ್ಮ ಅಜ್ಜಿಯ ಹತ್ತಿರವೂ ಇರದಿದ್ದ ಕನ್ನಡದ ಬೈಗುಳಗಳು ಅವರ ಹತ್ತಿರ ಇದ್ದವು, ಪಾಠದ ಹೊತ್ತಿನಲ್ಲಿ ಮಾತ್ರ ಅವನ್ನು ತೆಗೆಯುತ್ತಿರಲಿಲ್ಲ.

ಅದು ನಿಜಾಮರ ಕಾಲ. ಸರ್ಕಾರಿ ಶಾಲೆ ಇತ್ತು, ಅಲ್ಲಿ ಪಾಠವೆಲ್ಲ ಉರ್ದುವಿನಲ್ಲಿ, ಹೋಗುವವರೆಲ್ಲ ಗಂಡುಹುಡುಗರು. ಹೆಣ್ಣುಮಕ್ಕಳು ಮನೆಯಲ್ಲಿ. ಯಾರಾದರೂ ಸ್ವಂತದ ಖಾನಗಿ ಶಾಲೆ ನಡೆಸಬೇಕೆಂದರೆ ಸರ್ಕಾರದ ಇಜಾಜತ್ ಬೇಕು, ಎಂದರೆ ಅಪ್ಪಣೆ ಕಾಗದ. ಉಸ್ತಾನಿ ಅಮ್ಮನ ಹತ್ತಿರ ಆ ಕಾಗದ ಇತ್ತು. ಹೆಣ್ಣುಮಕ್ಕಳಿಗೆ ಉರ್ದು ಮತ್ತು ಹೊಲಿಗೆ ಕಲಿಸಬಹುದು ಎಂದು ಅದರಲ್ಲಿ ಬರೆದಿತ್ತು. ಕನ್ನಡದ ಮಾತೇ ಅದರಲ್ಲಿ ಇರಲಿಲ್ಲ. ನಮ್ಮಪ್ಪ ಒಮ್ಮೆ ಹೆದರಿಕೊಂಡೇ ಕೇಳಿದ್ದ. "ಕಲಸಬ್ಯಾಡ ಅಂತನೂ ಬರದಿಲ್ಲಲ್ರೀ ಅಣ್ಣಾರ" ಎಂದು ಅವರು ಕಾಗದ ಮಡಚಿ ಟ್ರಂಕಿನಲ್ಲಿಟ್ಟರು.

ಕನ್ನಡದ ಈ ಹಟ ಅವರಿಗೆ ಎಲ್ಲಿಂದ ಬಂತು ಎಂದು ನನಗೆ ಗೊತ್ತು. ನಾನು ಕೇಳಿದ್ದೆ. ನಾನು ಹುಟ್ಟಾ ಬಾಯಿಬಡಕಿ, ಯಾರೂ ಕೇಳದ್ದನ್ನು ಕೇಳುವವಳು. ಅವರು ಹೊಸದಾಗಿ ಲಗ್ನವಾಗಿ ಲಿಂಗಸುಗೂರಿಗೆ ಬಂದಿದ್ದಾಗ ಮುದಗಲ್ಲಿನಿಂದ ತಾಯಿಯ ಕಾಗದ ಬಂತಂತೆ. ತಾಯಿಗೆ ಬರೆಯಲು ಬರುತ್ತಿರಲಿಲ್ಲ, ಪಕ್ಕದ ಮನೆಯ ಮಾಸ್ತರರಿಂದ ಬರೆಸಿದ್ದರು. ಆ ಮಾಸ್ತರರಿಗೆ ಬರೆಯಲು ಬರುತ್ತಿದ್ದದ್ದು ಕನ್ನಡವೊಂದೇ. ಗಂಡನಿಗೆ ಬರುತ್ತಿದ್ದದ್ದು ಉರ್ದುವೊಂದೇ. ಈಕೆಗೆ ಆಗ ಎರಡೂ ಓದಲು ಬಾರದು. ಕಾಗದ ತೆಗೆದುಕೊಂಡು ಕಿರಾಣಿ ಅಂಗಡಿಗೆ ಹೋದರಂತೆ. ಅಂಗಡಿಯವನು ಗಿರಾಕಿಗಳ ನಡುವೆ ಜೋರು ದನಿಯಲ್ಲಿ ಓದಿದನಂತೆ.

"ಅದರಾಗ ನಮ್ಮವ್ವ ಕೇಳಿದ್ಲು, ಮಗಳಾ, ಮುಟ್ಟು ನಿಂತಾವೇನು, ಕೂಸಿನ ಸುದ್ದಿ ಏನರೆ ಅದೇನು ಅಂತ. ಎಣ್ಣಿ ಒಯ್ಯಾಕ ಬಂದಾವ್ರು, ಉಪ್ಪು ಒಯ್ಯಾಕ ಬಂದಾವ್ರು, ಎಲ್ಲಾರೂ ನನ್ನ ಹೊಟ್ಟಿ ಕಡಿ ನೋಡಾಕತ್ತಿದ್ರು. ಅವತ್ತ ಮನಿಗೆ ಬಂದು ಆಣಿ ಮಾಡೀನಿ. ನನ್ನ ಕಾಗದ ನಾನ ಓದಬೇಕು, ನನ್ನ ಕಾಗದ ನಾನ ಬರೀಬೇಕು."

ಗಂಡನ ಹತ್ತಿರ ಉರ್ದು ಕಲಿತರು. ಎದುರು ಮನೆಯ ಮಠದ ಅಜ್ಜಿಯ ಹತ್ತಿರ ಕನ್ನಡ ಕಲಿತರು. ಆಮೇಲೆ ಇನ್ನೊಬ್ಬರಿಗೆ ಹೇಳಿಕೊಡದೆ ಇರಲು ಅವರ ಕೈಲಿ ಆಗಲಿಲ್ಲ. ಹೊಲದ ನೋಟೀಸು, ಕೋರ್ಟಿನ ಸಮನ್ಸು ಉರ್ದುವಿನಲ್ಲಿ ಬರುತ್ತವೆ, ತವರಿನ ಕಾಗದ ಕನ್ನಡದಲ್ಲಿ ಬರುತ್ತದೆ, ಒಂದು ಓದಲು ಬಂದು ಇನ್ನೊಂದು ಬರದಿದ್ದರೆ ಅರ್ಧ ಕುರುಡಿಯಾದಂತೆ ಎನ್ನುತ್ತಿದ್ದರು.

ಶಾಲೆಯ ದಿನಚರಿ ಹೀಗಿತ್ತು. ಬೆಳಿಗ್ಗೆ ಉರ್ದು, ಅಲೀಫ್ ಬೇ ಇಂದ ಹಿಡಿದು ಕಥೆ ಓದುವ ತನಕ. ಊಟಕ್ಕೆ ಮನೆಗೆ ಹೋಗಿ ಬಂದ ಮೇಲೆ ಕನ್ನಡ. ಬಿಸಿಲು ಇಳಿದ ಮೇಲೆ ಹೊಲಿಗೆ. ಶನಿವಾರ ಬರೀ ಕಾಗದ ಬರೆಯುವುದು. ಯಾರಿಗೆ ಬೇಕಾದರೂ ಬರೆಯಬಹುದು, ಕಳಿಸಬೇಕೆಂದಿಲ್ಲ. ನಾನು ನಮ್ಮ ಎಮ್ಮೆಗೆ ಬರೆದಿದ್ದೆ. ಉರ್ದು ಕಾಗದಕ್ಕೆ ಒಂದು ಪದ್ಧತಿ ಕಲಿಸಿದ್ದರು, ಮೊದಲ ಸಾಲಿನಲ್ಲೇ "ನಿಮ್ಮ ಕಾಗದ ತಲುಪಿ ಮನಸ್ಸು ಮಸರೂರ್ ಆಯಿತು" ಎಂದು ಬರೆಯಬೇಕು. ಮಸರೂರ್ ಎಂದರೆ ಸಂತೋಷ. ಎಮ್ಮೆ ನನಗೆ ಯಾವತ್ತೂ ಕಾಗದ ಹಾಕಿರಲಿಲ್ಲ, ಆದರೂ ನನ್ನ ಮನಸ್ಸು ಮಸರೂರ್ ಆಗಿತ್ತು.

ಒಬ್ಬೊಬ್ಬರಿಗೆ ಒಂದೇ ವಹಿ. ಎಡಗಡೆಯಿಂದ ತೆರೆದರೆ ಕನ್ನಡ, ಮಗುಚಿ ಹಾಕಿ ಬಲಗಡೆಯಿಂದ ತೆರೆದರೆ ಉರ್ದು. ಕನ್ನಡ ಈ ಕಡೆಯಿಂದ, ಉರ್ದು ಆ ಕಡೆಯಿಂದ ದಿನಾ ಒಂದೊಂದು ಪುಟ ನಡೆದುಕೊಂಡು ಬಂದು ಒಂದು ದಿನ ನಡುವೆ ಭೇಟಿಯಾಗುತ್ತಿದ್ದವು. ಆ ನಡುವಿನ ಪುಟಕ್ಕೆ ಉಸ್ತಾನಿ ಅಮ್ಮ ಬೀಗರ ಪುಟ ಎಂದು ಹೆಸರಿಟ್ಟಿದ್ದರು. ಎರಡು ಮನೆತನ ಎದುರುಬದುರು ಕೂತ ಹಾಗೆ ಅದರಲ್ಲಿ ಒಂದು ಸಾಲು ಕನ್ನಡ, ಒಂದು ಸಾಲು ಉರ್ದು ಬರೆಯಬೇಕು. ಬೀಗರು ಕೂಡಿದ ಮೇಲೆ ಬಾಯಿ ಸಿಹಿ ಆಗಬೇಕಲ್ಲ, ಯಾರ ವಹಿ ಅಲ್ಲಿಗೆ ಮುಟ್ಟಿತೋ ಅವಳು ಮನೆಯಿಂದ ಬೆಲ್ಲ ಕೊಬ್ಬರಿ ತಂದು ಎಲ್ಲರಿಗೂ ಹಂಚಬೇಕು. ಉಡಿಯಲ್ಲಿ ಬೆಲ್ಲ ಕಟ್ಟಿಕೊಂಡು ಬಂದ ದಿನ ಆ ಹುಡುಗಿಯ ನಡಿಗೆಯೇ ಬೇರೆ.

ನನ್ನ ಬೀಗರ ಪುಟದ ದಿನವೇ ತಾಲೀಮಿನ ಸಾಹೇಬರು ಬಂದರು. ಶಾಲೆಗಳ ತಪಾಸಣೆ ಮಾಡುವವರಿಗೆ ನಮ್ಮಲ್ಲಿ ಹಾಗೆ ಹೇಳುತ್ತಿದ್ದರು. ಕರೀ ಶೇರವಾನಿ, ಕೆಂಪು ತುರ್ಕಿ ಟೊಪ್ಪಿಗೆ, ಮೆತ್ತಗಿನ ದನಿ. ಬರುವ ಸುದ್ದಿ ಮೊದಲೇ ಗೊತ್ತಿತ್ತು. ಉಸ್ತಾನಿ ಅಮ್ಮ ನಮ್ಮನ್ನು ಸಾಲಾಗಿ ಕೂಡಿಸಿ ಹೇಳಿದ್ದರು, "ಕೇಳಿದ್ದಕ್ಕಷ್ಟ ಉತ್ತರ ಕೊಡ್ರಿ ಮತ್ತ. ಹೆಚ್ಚಿಗಿ ಮಾತು ಬ್ಯಾಡ." ಹೇಳುವಾಗ ನನ್ನೊಬ್ಬಳನ್ನೇ ನೋಡಿದ್ದರು.

ಸಾಹೇಬರು ಪದ್ಯ ಹೇಳಿಸಿದರು, ಲೆಕ್ಕ ಕೇಳಿದರು, ಹೊಲಿದ ಕುಲಾವಿಗಳನ್ನು ನೋಡಿ ತಲೆದೂಗಿದರು. ಆಮೇಲೆ ನನ್ನ ವಹಿ ಎತ್ತಿಕೊಂಡು, ಉರ್ದು ಓದುವವರ ರೂಢಿಯಂತೆ ಬಲಗಡೆಯಿಂದ ತೆರೆದರು. ನಾಲ್ಕಾರು ಪುಟ ತಿರುವಿ "ಅಕ್ಷರ ಚೊಲೋ ಅದಾವ" ಎಂಬರ್ಥದ ಮಾತನ್ನು ಉರ್ದುವಿನಲ್ಲಿ ಆಡಿದರು. ವಹಿ ಮುಚ್ಚುತ್ತ, ಸುಮ್ಮನೆ ಪ್ರೀತಿಯಿಂದ ಕೇಳಿದರು, "ಬಸ್, ಇಷ್ಟೇ ಕಲಿತದ್ದಾ?"

ಇಷ್ಟೇ! ಉಡಿಯಲ್ಲಿ ಬೆಲ್ಲ ಇಟ್ಟುಕೊಂಡು ಕೂತವಳಿಗೆ ಇಷ್ಟೇ ಎಂದರೆ ಹೇಗಾಗಬೇಕು? "ನಹೀಂ ಹುಜೂರ್" ಎಂದು ಎದ್ದೇ ನಿಂತೆ. "ಇನ್ನೂ ಭಾಳ ಅದರೀ. ಉಲ್ಟಾ ಹಾಕಿ ತಗೀರಿ, ಆಕಡಿಂದ ಕನ್ನಡ ಅದ!"

ನನ್ನದು ಕೇಳಿ ಉಳಿದ ಹತ್ತು ಮಂದಿಗೂ ಹುರುಪು ಬಂತು. ಪಟಪಟ ಎಂದು ಎಲ್ಲರೂ ತಮ್ಮ ತಮ್ಮ ವಹಿ ಮಗುಚಿ, ಕನ್ನಡದ ಕಡೆ ತೆರೆದು, ಸಾಹೇಬರ ಕಡೆ ಹಿಡಿದರು.

ಅವರು ನನ್ನ ವಹಿಯನ್ನು ಮಗುಚಿ ತೆರೆದು ಬಹಳ ಹೊತ್ತು ನೋಡಿದರು. ಓದಲು ಬರದ ಅಕ್ಷರ ಅದು ಅವರಿಗೆ, ಆದರೂ ನೋಡಿದರು. ಕನ್ನಡಕ ತೆಗೆದರು. ಉಸ್ತಾನಿ ಅಮ್ಮನ ಕಡೆ ತಿರುಗಿ ಸಣ್ಣ ದನಿಯಲ್ಲಿ, "ದೇಖ್ ಲಿಯಾ. ಅಬ್ ಲಿಖನಾ ಪಡೇಗಾ" ಎಂದರು. ನೋಡಿಬಿಟ್ಟೆ, ಇನ್ನು ಬರೆಯಬೇಕಾಗುತ್ತದೆ. ಮಾತು ನನಗೆ ಪೂರಾ ತಿಳಿಯಿತು, ಆದರೆ ನನ್ನ ಕನ್ನಡದ ಬಗ್ಗೆ ಶಾಭಾಸ್ ಎಂದು ಬರೆಯುತ್ತಾರೆ ಎಂದುಕೊಂಡೆ. ಎಂಥ ಹುಚ್ಚಿ ನಾನು! ಅವರಿಗೆ ಕನ್ನಡದ ಸುಳಿವು ಮೊದಲೇ ಇತ್ತು, ಬೇಕೆಂದೇ ಉರ್ದುವಿನ ಕಡೆಯಿಂದ ತೆರೆದಿದ್ದರು ಎಂದು ಈಗ ನನಗೆ ಅನಿಸುತ್ತದೆ. "ಬೆಲ್ಲ ಕೊಡು ಸಾಹೇಬ್ರಿಗೆ" ಎಂದರು ಉಸ್ತಾನಿ ಅಮ್ಮ ನನಗೆ. ಸಾಹೇಬರು ತೆಗೆದುಕೊಂಡು ಅಲ್ಲೇ ತಿಂದರು.

ತಿಂಗಳಾದ ಮೇಲೆ ಕಚೇರಿಯ ಜವಾನ ಒಂದು ಕಾಗದ ತಂದುಕೊಟ್ಟು ಹೋದ. ಉಸ್ತಾನಿ ಅಮ್ಮ ಅದನ್ನು ಒಮ್ಮೆ ಓದಿ ನನ್ನ ಕೈಗೆ ಕೊಟ್ಟರು. "ನೀ ಓದು. ಜೋರಾಗಿ."

ಸರ್ಕಾರದ ಉರ್ದು, ಮುಳ್ಳುಕಂಟಿ ಇದ್ದ ಹಾಗೆ. ತಡವರಿಸುತ್ತ ಓದಿದೆ. ಕೊನೆಯ ಸಾಲಿಗೆ ಬಂದಾಗ ಗುರುತಿನ ಮುಖವೊಂದು ಕಂಡಿತು. "ಮದರಸಾ ಮಸರೂರ್ ಕಿಯಾ ಜಾತಾ ಹೈ!" ಎಂದು ಕೂಗಿಬಿಟ್ಟೆ. "ಶಾಲಿಗೆ ಖುಷಿ ಮಾಡ್ಯಾರಂತ್ರೀ ಉಸ್ತಾನಿ ಅಮ್ಮಾ!" ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಂತ ಮೇಲೆ ಅವರು ನನ್ನ ಪಕ್ಕಕ್ಕೆ ಸರಿದು ಬೆರಳಿಟ್ಟು ತೋರಿಸಿದರು. "ಇನ್ನೊಮ್ಮಿ ನೋಡವ್ವ. ಅದು ರೇ ಅಲ್ಲ, ದಾಲ್. ಎರಡೂ ಕಡಿ ದಾಲ್."

ಉರ್ದುವಿನಲ್ಲಿ ದಾಲ್ ಮತ್ತು ರೇ, ನಮ್ಮ ದ ಮತ್ತು ರ, ಬರವಣಿಗೆಯಲ್ಲಿ ಅಕ್ಕತಂಗಿಯರ ಹಾಗೆ ಇರುತ್ತವೆ. ಒಂದು ಕೊಂಚ ಬಾಗುತ್ತದೆ, ಇನ್ನೊಂದು ಕೆಳಗೆ ಜಾರುತ್ತದೆ, ಅಷ್ಟೇ. ನೋಡಿದೆ. ಮಸರೂರ್ ಅಲ್ಲ, ಮಸದೂದ್. "ಮಸದೂದ್ ಅಂದ್ರ ಏನ್ರೀ?" ಎಂದು ಕೇಳಿದೆ.

"ಮುಚ್ಚಿದ್ದು" ಎಂದರು.

ನಾನು ಅಳಲು ಶುರು ಮಾಡಿದೆ. ನನ್ನಿಂದಲೇ, ನನ್ನ ಈ ಸುಡುಗಾಡು ಬಾಯಿಯಿಂದಲೇ ಎಂದು ನೆಲ ಬಡಿದುಕೊಂಡು ಅತ್ತೆ. "ನನಗ್ಯಾಕ ಓದಸಿದ್ರಿ?" ಎಂದು ಅವರ ಮೇಲೆಯೇ ಸಿಟ್ಟು ಮಾಡಿದೆ.

"ಈ ಹುಡುಗ್ಯಾರು ತಮ್ಮ ಕಾಗದ ತಾವ ಓದತಾರ ಅಂತ ಊರತುಂಬ ಹೇಳಿಕೊಂಡೀನಿ. ಓದಸಬೇಕಲ್ಲ ಮತ್ತ? ಚೊಲೋ ಕಾಗದ ಅಷ್ಟ ಬರ್ತಾವೇನು?" ಎಂದರು. ಸೆರಗಿನಿಂದ ನನ್ನ ಮೂಗು ಒರೆಸಿ, ಸೂಜಿ ದಾರ ತೆಗೆಯಲು ಹೇಳಿದರು. ಆ ದಿನದ ಹೊಲಿಗೆ ಮುಗಿಯುವ ತನಕ ಯಾರನ್ನೂ ಮನೆಗೆ ಬಿಡಲಿಲ್ಲ.

ಆಮೇಲೆ ಎಂಟು ದಿನ ನಾನು ಮನೆಯ ಹೊರಗೆ ಮುಖ ತೋರಿಸಲಿಲ್ಲ. ಒಂಬತ್ತನೆಯ ದಿನ ಮುಂಜಾನೆ ಅಂಗಳದಲ್ಲಿ ಅವರ ದನಿ ಕೇಳಿಸಿತು. ಬುರ್ಖಾ ಹಾಕಿಕೊಂಡು, ಕಂಕುಳಲ್ಲಿ ಸುರುಳಿ ಸುತ್ತಿದ ಚಾಪೆ ಇಟ್ಟುಕೊಂಡು ಬಂದಿದ್ದರು. ನಾನು ಒಳಗೆ ಓಡಿ ಜೋಳದ ಚೀಲಗಳ ಹಿಂದೆ ಅವಿತು ಕೂತೆ.

"ಎಲ್ಲಿ ಅದಾಳ್ರೀ ನಮ್ಮ ವಕೀಲಿ? ಸಾಹೇಬ್ರ ಮುಂದ ಕನ್ನಡದ ಸಲುವಾಗಿ ವಾದಾ ಮಾಡಿದಾಕಿ?" ಎಂದು ನಗುತ್ತ ಕೇಳುತ್ತಿದ್ದರು. ನಮ್ಮವ್ವ ನನ್ನನ್ನು ಜುಟ್ಟು ಹಿಡಿದು ಎಳೆದುಕೊಂಡು ಬಂದಳು. ನಾನು ಅವರ ಕಾಲು ಹಿಡಿದುಕೊಂಡೆ. "ಏಳ ಬೇ, ಸಾಕು. ಮದರಸಾ ಮುಚ್ಚಂತ ಬರದಾರ. ನನ್ನ ಕಾಲು ಮುಚ್ಚಂತ ಬರದಿಲ್ಲಲ್ಲ?" ಎಂದು ಚಾಪೆ ಬಿಡಿಸಿ ಕೂತರು. "ವಹಿ ತಾ."

ಅಂದಿನಿಂದ ಅವರು ಮನೆಮನೆಗೆ ತಿರುಗಿದರು. ಎರಡು ಮನೆಯವರು ಸರ್ಕಾರಕ್ಕೆ ಹೆದರಿ ಬೇಡ ಎಂದರು, ಒಂಬತ್ತು ಮನೆಯವರು ಬಾಗಿಲು ತೆರೆದರು. ಮೊಣಕಾಲು ನೋವು ಮೊದಲೇ ಇತ್ತು, ಈಗ ಕುಂಟುವುದು ಶುರುವಾಯಿತು. ಅವರು ಕುಂಟುತ್ತ ಬೀದಿಯಲ್ಲಿ ಬರುವುದನ್ನು ನೋಡಿದಾಗಲೆಲ್ಲ ನಾನು ಓಡಿ ಹೋಗಿ ಚಾಪೆ ಇಸಿದುಕೊಳ್ಳುತ್ತಿದ್ದೆ. ಆ ಕುಂಟು ನನ್ನ ಬಾಯಿ ಕೊಟ್ಟದ್ದು ಎಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಒಂದು ದಿನವೂ ಅವರು ಅದನ್ನು ಎತ್ತಿ ಆಡಲಿಲ್ಲ.

ನಮ್ಮ ಮನೆಯಲ್ಲಿ ಅಜ್ಜಿಯದೇ ತಕರಾರು. ಮಡಿ ಮೈಲಿಗೆಯ ಹೆಂಗಸು, ಉಸ್ತಾನಿ ಅಮ್ಮ ಎದ್ದು ಹೋದ ಮೇಲೆ ಅವರು ಕೂತ ಜಾಗಕ್ಕೆ ನೀರು ಹಾಕುತ್ತಿದ್ದಳು. ನನಗೆ ನಾಚಿಕೆಯಾಗುತ್ತಿತ್ತು. ಅವರಿಗೆ ಇದು ಮೊದಲ ದಿನವೇ ತಿಳಿದಿರಬೇಕು, ಅದಕ್ಕೇ ಚಾಪೆ ತರುತ್ತಿದ್ದದ್ದು. ಆದರೆ ದಿನ ಕಳೆದ ಹಾಗೆ ಆ ಚಾಪೆ ಪಡಸಾಲೆಯಿಂದ ಒಂದೊಂದೇ ಮಾರು ಒಳಗೆ ಸರಿಯಿತು. ಬಿಸಿಲು ಹೊಡೆಯುತ್ತದೆ, ಗಾಳಿ ಬರುತ್ತದೆ, ಬೀದಿಯ ಗದ್ದಲ ಎಂದು ಅವರು ದಿನಕ್ಕೊಂದು ನೆವ ಹೇಳುತ್ತಿದ್ದರು, ಚಾಪೆ ಕೊನೆಗೆ ಅಡುಗೆಮನೆಯ ಹೊಸ್ತಿಲ ಹೊರಗೆ ಬಂದು ನೆಲೆಯಾಯಿತು. ಒಳಗೆ ನಮ್ಮವ್ವ ರೊಟ್ಟಿ ಬಡಿಯುತ್ತಿದ್ದಳು. ಯಾಕೆ ಅಲ್ಲಿಗೇ ಬಂದರು ಎಂದು ನನಗೆ ಒಂದು ದಿನ ಗೊತ್ತಾಯಿತು.

ಅಂದು ನನಗೆ ಒತ್ತಕ್ಷರ ಹೇಳುತ್ತಿದ್ದವರು ತಟ್ಟನೆ ನಿಲ್ಲಿಸಿ ಒಳಗೆ ಬಗ್ಗಿ ನೋಡಿ, "ಅಕ್ಕಾರ, ನಿಮ್ಮ ಕ ದ ಒತ್ತು ಬಿಟ್ಟೀರಿ" ಎಂದರು.

ನಮ್ಮವ್ವ ರೊಟ್ಟಿ ಬಡಿಯುವ ಮರದ ಕೊಣಮಿಗೆಯಲ್ಲಿ ಹರವಿದ್ದ ಜೋಳದ ಹಿಟ್ಟಿನ ಮೇಲೆ ಬೆರಳಿನಿಂದ ಅಕ್ಕ ಎಂದು ಬರೆಯಲು ಹೋಗಿ ಅಕ ಎಂದು ಬರೆದಿದ್ದಳು. ತಟ್ಟನೆ ಅಂಗೈಯಿಂದ ಅಳಿಸಿದಳು. "ನನಗ್ಯಾತಕ್ರೀ ಓದು ಬರಹ, ಹಿಟ್ಟು ಹರವಾಕತ್ತಿದ್ದೆ" ಎಂದಳು, ಮುಖ ಕೆಂಪಗೆ ಮಾಡಿಕೊಂಡು.

"ಹರವ್ರಿ ಹರವ್ರಿ. ಆದ್ರ ಒತ್ತು ಹಾಕಿ ಹರವ್ರಿ."

ಅಂದಿನಿಂದ ಪಾಠ ಇಬ್ಬರಿಗೆ. ನನ್ನ ವಹಿ ಚಾಪೆಯ ಮೇಲೆ, ಅವ್ವನ ವಹಿ ಹಿಟ್ಟಿನ ಮೇಲೆ. ತಪ್ಪು ಕಂಡರೆ ಉಸ್ತಾನಿ ಅಮ್ಮ ಹೊಸ್ತಿಲ ಮೇಲಿಂದ ಕೈ ಚಾಚಿ ಹಿಟ್ಟಿನಲ್ಲಿ ತಿದ್ದುತ್ತಿದ್ದರು, ಅಜ್ಜಿ ಬರುವ ಸಪ್ಪಳವಾದರೆ ಕೈ ಹಿಂದಕ್ಕೆ. ಅವ್ವನಿಗೆ ಉರ್ದು ಹತ್ತಲೇ ಇಲ್ಲ, ಕನ್ನಡವೂ ಒಂದು ಹೆಜ್ಜೆ ಮುಂದೆ, ಎರಡು ಹಿಂದೆ. "ಈ ಜನ್ಮದಾಗ ನನಗ ಒಂದ ಕಾಗದ ಬರಿಯಾಕ ಆಗೂದಿಲ್ಲ ಬಿಡ್ರಿ" ಎನ್ನುತ್ತಿದ್ದಳು. "ಯಾಕಾಗೂದಿಲ್ಲ, ಮಗಳ ಲಗ್ನ ಮಾಡಿ ಕಳಸ್ರಿ, ತಾನ ಆಗ್ತದ" ಎಂದು ಅವರು ನಗುತ್ತಿದ್ದರು.

ಕಳಿಸಿಯೂ ಬಿಟ್ಟರು. ನನ್ನನ್ನು ಸಿಂಧನೂರಿಗೆ ಕೊಟ್ಟರು. ಹೊರಡುವ ದಿನ ಉಸ್ತಾನಿ ಅಮ್ಮ ಒಂದು ಖಾಲಿ ವಹಿ, ಒಂದು ಶಾಯಿ ದೌತಿ ಕೊಟ್ಟು, "ಅತ್ತಿಮನಿಯಾಗ ಬಾಯಿ ಕಡಿಮಿ ಮಾಡು, ಕೈ ಹೆಚ್ಚು ಮಾಡು" ಎಂದರು. ಮಸ್ಕಿ ದಾಟುವ ತನಕ ಗಾಡಿಯಲ್ಲಿ ಅಳುತ್ತಲೇ ಇದ್ದೆ, ಗಂಡನ ಮನೆಯವರು ತವರಿಗಾಗಿ ಎಂದುಕೊಂಡರು.

ಸಿಂಧನೂರಿನಿಂದ ನಾನು ತಿಂಗಳಿಗೊಂದು ಕಾಗದ ಬರೆಯುತ್ತಿದ್ದೆ. ಅಲ್ಲಿ ಉಸ್ತಾನಿ ಅಮ್ಮ ಓದಿ ಹೇಳುತ್ತಿದ್ದರು, ಅವ್ವ ಹೇಳಿದ್ದನ್ನು ಅವರೇ ಬರೆದು ಹಾಕುತ್ತಿದ್ದರು. ಸಣ್ಣಗೆ ಹೆರೆದ ಮೊನೆಯ ಆ ಮುತ್ತಿನಂಥ ಅಕ್ಷರ ನೋಡಿದರೆ ಸಾಕು, ಇಬ್ಬರೂ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದಾರೆ ಎಂದು ಸಮಾಧಾನ. ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ನಿಜಾಮರ ಸಂಸ್ಥಾನದಲ್ಲಿ ಹಿಂದೂ ಮುಸ್ಲಿಂ ಎಂದು ಎದ್ದ ಗದ್ದಲವನ್ನು ಉಸ್ತಾನಿ ಅಮ್ಮ ನೋಡಲಿಲ್ಲ, ಅದೊಂದು ಒಳ್ಳೆಯದಾಯಿತು.

ಒಂದು ಮಧ್ಯಾಹ್ನ ಟಪಾಲಿನವನು ಕಾಗದ ಕೊಟ್ಟು ಹೋದ. ತೆರೆದೆ. ಅಕ್ಷರ ಯಾರದೆಂದು ಗುರುತಾಗಲಿಲ್ಲ. ಒಂದೊಂದು ಅಕ್ಷರ ರೊಟ್ಟಿಯಷ್ಟು, ಸಾಲುಗಳು ಮೇಲೆ ಕೆಳಗೆ, ಒತ್ತುಗಳು ಎಲ್ಲೆಲ್ಲೋ ನೇತಾಡುತ್ತಿದ್ದವು. "ಯಾರದ ಬೇ ಅದು?" ಎಂದು ಅತ್ತೆ ಒಳಗಿನಿಂದ ಕೇಳಿದಳು. ನಾನು ನಿಂತಲ್ಲೇ ಓದುತ್ತಿದ್ದೆ.

"ಮಗಳಿಗಿ ನಿಮ್ಮವ್ವ ಬರದಿದ್ದು. ನಾವು ಅರಾಮ ಅದೀವಿ. ಉಸ್ತಾನಿ ಅಮ್ಮ ಶುಕ್ರಾರ ಹೋದ್ರು. ಮೂರ ದಿನ ಜರ ಬಂದಿತ್ತು. ನಾನು ನಿಮ್ಮಜ್ಜಿ ಕೂಡಿ ಹೋಗಿದ್ದಿವಿ. ಅಜ್ಜಿ ಅವರ ತಲಿ ತೊಡಿಮ್ಯಾಲ ಇಟಗೊಂಡು ನೀರ ಕುಡಿಸಿದ್ಲು. ನೀ ಅಳಬ್ಯಾಡ. ಈ ಕಾಗದ ನಾನ ಬರದಿನಿ. ಯಾರ ಕಡಿಂದನು ಬರಸಿಲ್ಲ. ತಪ್ಪು ಭಾಳ ಇರತಾವ. ತಿದ್ದಾವ್ರು ಹೋಗ್ಯಾರ."